ಎಂ.ಎ. ಓದಿ ಹೆಚ್ಚುವರಿಯಾದದ್ದು

ಐವತ್ತು ಹತ್ತಿರವಾದಂತೆ ಮನುಷ್ಯರಿಗೆ ತಲೆ ಸ್ವಲ್ಪ ಕೆಡುತ್ತದೆ. ಕೆಲವರು ಇದ್ದಕ್ಕಿದ್ದಂತೆ ಕೂದಲಿಗೆ ಬಣ್ಣ ಹಚ್ಚುತ್ತಾರೆ. ಕೆಲವರು ಸಿರಿಧಾನ್ಯ ತಿನ್ನಲು ಶುರುಮಾಡಿ, ಕಂಡಕಂಡವರಿಗೆಲ್ಲ ಅದರ ಗುಣ ವಿವರಿಸಿ ನೆಂಟರನ್ನು ಕಳೆದುಕೊಳ್ಳುತ್ತಾರೆ. ನಾನು ಎಂ.ಎ.ಗೆ ಸೇರಿದೆ. ಕನ್ನಡವೋ ಇತಿಹಾಸವೋ ಆಗಿದ್ದರೆ ಮನೆಯವರು ಕ್ಷಮಿಸುತ್ತಿದ್ದರೇನೋ. ನಾನು ಸೇರಿದ್ದು ಶೈಕ್ಷಣಿಕ ತಂತ್ರಜ್ಞಾನ ಎಂಬ ವಿಷಯಕ್ಕೆ. ಅದರ ಹೆಸರು ಹೇಳಿ ಮುಗಿಸುವಷ್ಟರಲ್ಲಿ ಕೇಳಿದವರು ಮಳೆಯ ಸುದ್ದಿಗೆ ಹೋಗಿಬಿಡುತ್ತಾರೆ. ಹೊಸನಗರ ತಾಲ್ಲೂಕಿನ ನಗರ ಎಂಬ ಊರಿನ ಕಡೆಯ ಒಂದು ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಅ ಆ ಇ ಈ ತೀಡಿಸಿ ಮಕ್ಕಳಿಂದ ‘ಅಕ್ಕೋರು’ ಎನ್ನಿಸಿಕೊಂಡವಳಿಗೆ ಈ ಹುಚ್ಚು ಯಾಕೆ ಹಿಡಿಯಿತೆಂದರೆ, ಜ್ಞಾನದಾಹದಿಂದ ಖಂಡಿತ ಅಲ್ಲ, ಸಿಟ್ಟಿನಿಂದ. ಹೊಸನಗರದಲ್ಲಿ ನಡೆದ ಕಂಪ್ಯೂಟರ್ ತರಬೇತಿಯಲ್ಲಿ, ನನ್ನ ಮಗನ ವಯಸ್ಸಿನ ತರಬೇತುದಾರನೊಬ್ಬ ನನ್ನ ಕೈಯಿಂದ ಮೌಸ್ ಕಿತ್ತುಕೊಂಡು, “ಬಿಡಿ ಮೇಡಂ, ಇದು ನಿಮ್ಮಿಂದ ಆಗಲ್ಲ” ಎಂದ. ಅಂಥ ಮಾತನ್ನು ನಾನು ಮಕ್ಕಳಿಗೆ ಎಷ್ಟೋ ಸಲ ಹೇಳಿದ್ದೇನೆ. ಆದರೆ ನನಗೆ ಯಾರೂ ಹೇಳಿರಲಿಲ್ಲ. ಮಾರನೆಯ ವಾರವೇ ಅರ್ಜಿ ಹಾಕಿದೆ.

ನನ್ನ ಗಂಡ ಪಶು ಆಸ್ಪತ್ರೆಯಲ್ಲಿ ಕೆಲಸ ಮಾಡುವವರು. ಒದೆಯುವ ಹಸುಗಳನ್ನು ಸಮಾಧಾನ ಮಾಡಿ ಅಭ್ಯಾಸವಿರುವುದರಿಂದ ನನ್ನನ್ನೂ ಹಾಗೆಯೇ ಮೆಲ್ಲಗೆ ವಿಚಾರಿಸಿದರು. “ಎಂತಕ್ಕೆ ಮಾರಾಯ್ತಿ ಇದೆಲ್ಲ? ಓದಿ ಎಂತ ಮಾಡ್ತಿ?” “ಬೋಧನಾ ವಿನ್ಯಾಸ ಮಾಡ್ತೀನಿ” ಎಂದೆ. ಅವರು ಒಂದು ಕ್ಷಣ ನನ್ನ ಕಣ್ಣಿನ ರೆಪ್ಪೆ ಎತ್ತಿ ನೋಡಬೇಕೋ ಬೇಡವೋ ಎಂಬಂತೆ ನಿಂತು, ಆಸ್ಪತ್ರೆಗೆ ಹೊರಟುಹೋದರು.

ಭಾನುವಾರಗಳಂದು ಸಾಗರದಲ್ಲಿ ತರಗತಿ. ನಮಗೆ ಮಾರ್ಗದರ್ಶಕರಾಗಿ ಬಂದವರು ಹೊಸದಾಗಿ ಡಾಕ್ಟರೇಟ್ ಪಡೆದ ಒಬ್ಬ ಯುವಕ. ‘ಪರದೆಯ ಮೇಲಿರುವುದನ್ನು ಶಿಕ್ಷಕರು ಓದಿ ಹೇಳಬಾರದು’ ಎಂದು ಪರದೆಯ ಮೇಲೆ ಬರೆದಿದ್ದನ್ನು ಅವರು ಓದಿ ಹೇಳಿದರು; ನಾವು ಬರೆದುಕೊಂಡೆವು. ಅಲ್ಲಿ ಮಕ್ಕಳು ಎಂಬ ಪದಕ್ಕೇ ಪ್ರವೇಶವಿರಲಿಲ್ಲ. ‘ಕಲಿಕಾರ್ಥಿಗಳು’ ಎನ್ನಬೇಕು. ಪಾಠ ಎನ್ನಬಾರದು, ‘ಕಲಿಕಾ ಅನುಭವ’. ಬೆತ್ತವನ್ನು ಏನೆನ್ನಬೇಕೆಂದು ಕೇಳುವ ಆಸೆಯಾಯಿತು, ನಿಗ್ರಹಿಸಿದೆ. ಆದರೂ ಒಂದು ದಿನ ತಡೆಯಲಾರದೆ ಎದ್ದು ನಿಂತು ಕೇಳಿದೆ. “ಸರ್, ಕಲಿಕಾ ಅನುಭವದ ನಡುವೆ ಒಂದನೇ ಕ್ಲಾಸಿನ ಹುಡುಗಿ ಬಂದು ಸೆರಗು ಎಳೆದು, ಉಚ್ಚೆ ಬಂತು ಅಂದರೆ, ಅದು ನಿಮ್ಮ ಈ ನಕ್ಷೆಯಲ್ಲಿ ಎಲ್ಲಿ ಬರುತ್ತೆ?” ಅವರು ನಕ್ಷೆಯನ್ನು ಬಾಣದ ಗುರುತುಗಳ ಸಮೇತ ಗಂಭೀರವಾಗಿ ಪರಿಶೀಲಿಸಿ, “ಅದು ಬಾಹ್ಯ ಅಡಚಣೆ, ಮೇಡಂ. ವಿನ್ಯಾಸದ ವ್ಯಾಪ್ತಿಗೆ ಬರಲ್ಲ” ಎಂದರು. ನನ್ನ ಇಷ್ಟು ವರ್ಷದ ವೃತ್ತಿಜೀವನದ ಮುಕ್ಕಾಲು ಪಾಲು ಆ ವ್ಯಾಪ್ತಿಯ ಹೊರಗೇ ಕಳೆದಿದೆ ಎಂದು ಅವತ್ತು ತಿಳಿಯಿತು.

ಕೊನೆಯ ವರ್ಷ ಸಂಶೋಧನೆ ಮಾಡಬೇಕಿತ್ತು. ನನ್ನ ಪಾಠಗಳನ್ನು ನಾನೇ ವಿಡಿಯೋ ಮಾಡಿ, ಮಕ್ಕಳಿಗೆ ಟಿವಿಯಲ್ಲಿ ತೋರಿಸಿ, ಅವರು ಹೇಗೆ ಕಲಿಯುತ್ತಾರೆಂದು ನೋಡಿ ಪ್ರಬಂಧ ಬರೆಯಬೇಕು. ಮನೆಯ ಹಜಾರದಲ್ಲಿ ಹಸಿರು ಬೆಡ್‌ಶೀಟ್ ಕಟ್ಟಿ ಸ್ಟುಡಿಯೋ ಮಾಡಿದೆವು. ಗಂಡನೇ ಕ್ಯಾಮೆರಾಮನ್. “ಅಲ್ಲಾಡ್ಬೇಡ, ನಿಂತ್ಕ. ಹಾಂ, ಹಾಂ, ಹಾಗೇ” ಎಂದು, ಆಸ್ಪತ್ರೆಯಲ್ಲಿ ಚುಚ್ಚುಮದ್ದು ಕೊಡುವ ಮೊದಲು ಹೇಳುವ ಧಾಟಿಯಲ್ಲಿಯೇ ಹೇಳುತ್ತಿದ್ದರು. ಮೊದಲ ವಿಡಿಯೋ ನೋಡಿದ ಮಾರ್ಗದರ್ಶಕರು, “ಮುಖದಲ್ಲಿ ಮುಗುಳ್ನಗು ಇಲ್ಲ, ಮೇಡಂ” ಎಂದು ವಾಪಸ್ಸು ಕಳಿಸಿದರು. ಮತ್ತೆ ತೆಗೆದೆವು. ಎದುರಿಗೆ ಮಕ್ಕಳಿಲ್ಲದಿದ್ದರೆ ನಗುವುದು ಅಷ್ಟೇನೂ ಕಷ್ಟವಲ್ಲ. ಯಾರೂ ಪೆನ್ಸಿಲ್ ಕದ್ದ ದೂರು ತರುವುದಿಲ್ಲ, ಯಾರೂ ಪಕ್ಕದವಳ ಜಡೆ ಎಳೆಯುವುದಿಲ್ಲ. ನೀರು ಎಲ್ಲಿಂದ ಬರುತ್ತದೆಂದು ಜೇನಿನಂಥ ದನಿಯಲ್ಲಿ ವಿವರಿಸುವ ಈ ಹೆಂಗಸು ಯಾರೆಂದು ನನಗೇ ಆಶ್ಚರ್ಯವಾಯಿತು. ಗಂಡ ಎರಡು ಸಲ ನೋಡಿ, “ಮನೇಲೂ ಹೀಗೇ ಮಾತಾಡ್ಬಹುದಿತ್ತಲ್ಲನೇ” ಎಂದರು.

ಶಾಲೆಯಲ್ಲಿ ಊರಿನವರು ಕೊಡಿಸಿದ ದೊಡ್ಡ ಟಿವಿಯೊಂದಿತ್ತು. ಮಕ್ಕಳ ಕೈ ತಾಗಿ ಹಾಳಾಗಬಾರದೆಂದು ಹೆಡ್‌ಮಾಸ್ಟರ್ ಮಂಜಪ್ಪನವರು ಅದನ್ನು ತಮ್ಮ ಕೋಣೆಯಲ್ಲಿ ಬಟ್ಟೆ ಹೊದಿಸಿಟ್ಟು, ಕ್ರಿಕೆಟ್ ಇರುವ ದಿನ ಮಾತ್ರ ಧೂಳು ಹೊಡೆಯುತ್ತಿದ್ದರು. ಸಂಶೋಧನೆಯ ಹೆಸರು ಹೇಳಿ ಅದನ್ನು ತರಗತಿಗೆ ತರಿಸಿ ಹಚ್ಚಿದೆ. ಮಕ್ಕಳು ಪೂಜೆಗೆ ಕೂತವರಂತೆ ಕೂತರು. ಇಷ್ಟು ವರ್ಷ ಗಂಟಲು ಹರಿದುಕೊಂಡರೂ ಸಿಗದ ಮೌನ ಅದು. ಹೆಮ್ಮೆಯಿಂದ ಟಿವಿಯ ಪಕ್ಕ ಹೋಗಿ ನಿಂತೆ. ಮುಂದಿನ ಸಾಲಿನ ಸಹನಾ, ಮೂರನೇ ಕ್ಲಾಸಿನವಳು, ಕತ್ತು ಆಚೆ ಈಚೆ ಹೊರಳಿಸಿ ಹೇಳಿದಳು: “ಅಕ್ಕೋರೇ, ಸ್ವಲ್ಪ ಸರೀರಿ. ಅಕ್ಕೋರು ಕಾಣಲ್ಲ.”

ಸರಿದೆ. ಗೋಡೆಯ ಪಕ್ಕ ಸರಿದವಳು ಕ್ರಮೇಣ ಬಾಗಿಲಿಗೆ, ಅಲ್ಲಿಂದ ಜಗಲಿಗೆ ಸರಿದೆ. ವಿಡಿಯೋ ಒಳಗೆ ಪಾಠ ಮಾಡುವಾಗ ನಾನು ಹೊರಗೆ ಕೂತು ವಿಡಿಯೋ ಎಷ್ಟು ಚೆನ್ನಾಗಿ ಪಾಠ ಮಾಡುತ್ತದೆಂದು ಬರೆಯುತ್ತಿದ್ದೆ. ಅಷ್ಟರಲ್ಲಿ ನನ್ನ ಮಾತೂ ಕೆಟ್ಟಿತ್ತು. ಬಿಸಿಯೂಟದ ಗೌರಮ್ಮನ ಹತ್ತಿರ, “ಸಾಂಬಾರಿನ ಬಗ್ಗೆ ಕಲಿಕಾರ್ಥಿಗಳ ಹಿಮ್ಮಾಹಿತಿ ಹೇಗಿದೆ?” ಎಂದು ಕೇಳಿದ್ದಕ್ಕೆ ಅವಳು “ಅದನ್ನ ಹಾಕ್ಲಿಲ್ಲ ಅಕ್ಕೋರೇ, ಬರೀ ಬೇಳೆ, ನುಗ್ಗೆಕಾಯಿ” ಎಂದು ಗಾಬರಿಯಾಗಿದ್ದಳು.

ಆ ಹೊತ್ತಿಗೆ ಮೇಲಿನ ಸಾಹೇಬರೊಬ್ಬರು ಶಾಲೆ ನೋಡಲು ಬಂದರು. ಮಕ್ಕಳು ಮಿಸುಕಾಡದೆ ಟಿವಿ ನೋಡುತ್ತಿದ್ದುದನ್ನು ಕಿಟಕಿಯಿಂದ ಕಂಡು ಬೆರಗಾದರು. “ಮೇಡಂ, ನೀವು ಒಳಗೆ ಇಲ್ಲದೇ ಇದ್ರೂ ಕ್ಲಾಸು ನಡೀತದಾ?” “ಖಂಡಿತ ಸರ್” ಎಂದೆ. ಮೌಸ್ ಕಿತ್ತುಕೊಂಡವನ ಮುಖ ಕಣ್ಣೆದುರಿಗೆ ಬಂತು, ಉತ್ಸಾಹ ಇಮ್ಮಡಿಯಾಯಿತು. “ಗುಂಡಿ ಒತ್ತಿದರೆ ಸಾಕು. ಅದನ್ನ ಯಾರು ಬೇಕಾದ್ರೂ ಒತ್ತಬಹುದು.” ಮಂಜಪ್ಪನವರು ಸಾಹೇಬರ ಬೆನ್ನ ಹಿಂದೆ ನಿಂತು, ಸುಮ್ಮನಿರಿ ಎಂದು ಕಣ್ಣಿನಲ್ಲೇ ಬೇಡಿಕೊಳ್ಳುತ್ತಿದ್ದರು. ಅವರಿಗೆ ಹೊಟ್ಟೆಕಿಚ್ಚು ಎಂದುಕೊಂಡೆ. ಸಾಹೇಬರು ಚಹಾ ಕುಡಿದು, ನನ್ನನ್ನು ಬಾಯಿ ತುಂಬ ಹೊಗಳಿ ಹೋದರು. ನಾನು ಅದೇ ಹುರುಪಿನಲ್ಲಿ ಪ್ರಬಂಧದ ಕೊನೆಯ ವಾಕ್ಯ ಬರೆದೆ: ‘ಕಲಿಕೆಯಲ್ಲಿ ಶಿಕ್ಷಕಿಯ ನೇರ ಉಪಸ್ಥಿತಿಯ ಅಗತ್ಯವು ಗಣನೀಯವಾಗಿ ತಗ್ಗಿರುವುದು ಕಂಡುಬಂದಿದೆ.’ ಮಾರ್ಗದರ್ಶಕರು ಇದನ್ನು ಬಹಳ ಮೆಚ್ಚಿದರು.

ಫಲಿತಾಂಶ ಬಂತು, ಪ್ರಥಮ ದರ್ಜೆ. ಬೇಸಿಗೆ ರಜೆಯಲ್ಲಿ ಇನ್ನೊಂದು ಆದೇಶವೂ ಬಂತು. ಮಕ್ಕಳ ಸಂಖ್ಯೆಗೆ ನಮ್ಮ ಶಾಲೆಗೆ ಒಬ್ಬರೇ ಶಿಕ್ಷಕರು ಸಾಕಂತೆ, ನಾನು ಹೆಚ್ಚುವರಿ. ತಡೆಯಿರೆಂದು ಕೇಳಿಕೊಳ್ಳಲು ಸಾಹೇಬರ ಬಳಿ ಓಡಿದೆ. ಆ ಮಕ್ಕಳನ್ನು ಬಿಟ್ಟು ಹೋಗಲಾರೆ ಎನ್ನುವಾಗ ನಿಜಕ್ಕೂ ಕಣ್ಣಲ್ಲಿ ನೀರು ಬಂದಿತ್ತು. ಅವರು ಪ್ರೀತಿಯಿಂದಲೇ ಹೇಳಿದರು: “ನೀವೇ ತೋರಿಸಿಕೊಟ್ರಲ್ಲ ಮೇಡಂ! ಅಲ್ಲಿ ನಿಮ್ಮ ವಿಡಿಯೋ ಇದೆ. ಪಾಪ, ಹಿನ್ನೀರಿನ ಆಚೆ ಒಂದು ಶಾಲೇಲಿ ಏನೂ ಇಲ್ಲ. ಅಲ್ಲಿಗೆ ನೀವೇ ಹೋಗ್ಬೇಕು.” ಮನೆಗೆ ಬಂದು ಹೇಳಿದಾಗ ಗಂಡ, “ಬೇರೆಯವ್ರು ಹೆಚ್ಚು ಓದಿದ್ರೆ ಬಡ್ತಿ ಸಿಗ್ತದೆ. ನೀ ಓದಿ ನೀನೇ ಹೆಚ್ಚಾದ್ಯಲ್ಲೇ” ಎಂದರು.

ಈಗ ಹಿನ್ನೀರಿನ ಆಚೆ, ತುಮರಿಯ ಕಡೆ ಇದ್ದೇನೆ. ಲಾಂಚಿಗೆ ಕಾಯುವ ಕಷ್ಟ ಮುಗಿದು ಸೇತುವೆ ಬಂದಿದೆ. ನೆಟ್‌ವರ್ಕ್ ಮಾತ್ರ ಇನ್ನೂ ಲಾಂಚಿಗೇ ಕಾಯುತ್ತಿರುವಂತಿದೆ. ಶಾಲೆಯಲ್ಲಿ ಟಿವಿ ಇಲ್ಲ. ಸೀಮೆಸುಣ್ಣ ಹಿಡಿದು ಗಂಟಲು ಹರಿಯುವಂತೆ ಕೂಗುತ್ತೇನೆ, ಬಾಹ್ಯ ಅಡಚಣೆಗಳು ಬಂದು ಸೆರಗು ಎಳೆಯುತ್ತವೆ, ಕರೆದುಕೊಂಡು ಹೋಗುತ್ತೇನೆ. ಹಳೆಯ ಶಾಲೆಯ ಮಕ್ಕಳು ಆಗಾಗ ನೆನಪಾಗುತ್ತಾರೆ. ರಜೆಯಲ್ಲಿ ವರ್ಗವಾದ್ದರಿಂದ ಹೇಳಿಬರಲೂ ಆಗಿರಲಿಲ್ಲ. ನಾನಿಲ್ಲದೆ ಅವು ಸೊರಗಿರುತ್ತವೆ, ಸಹನಾ ಅತ್ತಿರುತ್ತಾಳೆ ಎಂದೆಲ್ಲ ಕಲ್ಪಿಸಿಕೊಂಡು ಸುಖಪಡುತ್ತಿದ್ದೆ.

ಮೊನ್ನೆ ಸಾಗರದ ಬಸ್‌ಸ್ಟ್ಯಾಂಡಿನಲ್ಲಿ ಸಹನಾಳ ಅಮ್ಮ ಸಿಕ್ಕಿದಳು. ಅವಳ ಎರಡೂ ಕೈ ಹಿಡಿದುಕೊಂಡು, “ಮಕ್ಕಳು ನನ್ನ ಕೇಳ್ತಾವಾ?” ಎಂದೆ. ಅವಳಿಗೆ ಅರ್ಥವಾಗಲಿಲ್ಲ. “ಕೇಳೂದೆಂತಕ್ಕೆ ಅಕ್ಕೋರೇ? ದಿನಾ ನೋಡ್ತಾವಲ್ಲ ಟಿವಿಯಾಗೆ. ನೀವು ಅಲ್ಲಿಲ್ಲ ಅಂತ ನಂಗೂ ಗೊತ್ತಿರ್ಲಿಲ್ಲ ನೋಡಿ” ಎಂದಳು. ಬಸ್ಸು ಬಂತು. ಹತ್ತುವ ನಡುವೆಯೇ ತಿರುಗಿ, ನನ್ನನ್ನು ಸಂತೋಷಪಡಿಸಲೆಂದೇ ಜೋರಾಗಿ ಹೇಳಿದಳು: “ಸಹನಾ ಹೇಳ್ತಿದ್ಲು, ಈ ವರ್ಷ ಅಕ್ಕೋರು ಎಷ್ಟೋ ಸುಧಾರಿಸಿದಾರೆ, ಬಯ್ಯೂದೇ ಇಲ್ಲ ಅಂತ!”