ಬಸ್ ಲೇನಿನಲ್ಲಿ ನಮ್ಮ ಭಾವ

ಹಸಿರು ದೀಪ ಬಿದ್ದ ಮೇಲೂ ಕಾರು ನಿಲ್ಲಿಸಿಕೊಂಡು ಕಾಯುವ ಮನುಷ್ಯನನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ನೋಡಿದ್ದಷ್ಟೇ ಅಲ್ಲ, ನಮ್ಮ ಮನೆಯವರು ಅಂಥವರಿಗೇ ನಮ್ಮ ಅಕ್ಕನನ್ನು ಕೊಟ್ಟು ಮದುವೆ ಮಾಡಿದ್ದಾರೆ! "ಯಾಕೆ ಭಾವ ನಿಂತ್ರಿ, ಗ್ರೀನ್ ಬಿತ್ತಲ್ಲ?" ಅಂದರೆ, "ಇರು, ಅದು ಮನಸ್ಸು ಬದಲಾಯಿಸಿದರೆ?" ಅನ್ನುತ್ತಾರೆ. ಅಷ್ಟು ಹೊತ್ತಿಗೆ ಅದು ನಿಜವಾಗಿಯೂ ಮನಸ್ಸು ಬದಲಾಯಿಸಿ ಕೆಂಪಾಗಿರುತ್ತದೆ. "ನೋಡಿದ್ಯಾ?" ಎಂದು ಗೆದ್ದವರ ಹಾಗೆ ನನ್ನ ಕಡೆ ನೋಡುತ್ತಾರೆ.

ಭಾವ ನೈರೋಬಿಗೆ ಬಂದು ಅರ್ಧ ಆಯುಷ್ಯವೇ ಕಳೆದಿದೆ. ಇಲ್ಲಿನ ಕಾಲೇಜೊಂದರಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದವರು. ನ್ಗಾರಾದ ಹಳೆಯ ಫ್ಲ್ಯಾಟೊಂದರಲ್ಲಿ ಅವರು, ಅಕ್ಕ ಇಬ್ಬರೇ ಇದ್ದಾರೆ. ನಾನು ಮೊನ್ನೆ ಮೊನ್ನೆ ಬ್ಯಾಂಕಿನ ಪೋಸ್ಟಿಂಗ್ ಮೇಲೆ ಬೆಂಗಳೂರಿನಿಂದ ಬಂದು ಹೆಂಡತಿ, ಮಗಳ ಜೊತೆ ಲ್ಯಾವಿಂಗ್ಟನ್ನಿನಲ್ಲಿ ಮನೆ ಮಾಡಿದವನು. "ಆ ಊರಲ್ಲಿ ಭಾವ ಇದ್ದಾರೆ, ನಿನಗೇನು ಯೋಚನೆ?" ಎಂದು ಎಲ್ಲರೂ ಧೈರ್ಯ ಹೇಳಿ ಕಳಿಸಿದ್ದರು. ನನಗೇನೋ ಯೋಚನೆ ಇರಲಿಲ್ಲ. ನನ್ನ ಪಾಲಿನ ಯೋಚನೆಯನ್ನೂ ಸೇರಿಸಿ ಭಾವನೇ ಮಾಡುತ್ತಿದ್ದರು!

ಪೊಲೀಸರು ಕೇಳಿದರೆ ಇರಲಿ ಎಂದು ಕಾರಿನ ಇನ್ಶೂರೆನ್ಸ್ ಪ್ರತಿಯನ್ನು ನಡೆದು ಹೋಗುವಾಗಲೂ ಜೇಬಿನಲ್ಲಿ ಇಟ್ಟುಕೊಳ್ಳುತ್ತಾರೆ. "ನಡ್ಕೊಂಡು ಹೋಗೋವ್ನನ್ನ ಯಾರು ಭಾವ ಕೇಳ್ತಾರೆ?" ಅಂದರೆ, "ಕಾರು ಎಲ್ಲಿ ಬಿಟ್ಟೆ ಅಂತ ಕೇಳಿದರೆ?" ಒಮ್ಮೆ ದೊಡ್ಡ ವೃತ್ತವೊಂದರಲ್ಲಿ ಹೊರಗೆ ಬರಲು ಯಾರೂ ದಾರಿ ಬಿಡದೆ, ಬಿಡಿ ಎಂದು ಕೇಳುವ ಧೈರ್ಯ ಇವರಿಗೂ ಬಾರದೆ, ಸುತ್ತುತ್ತಲೇ ಇದ್ದರಂತೆ. ಕೊನೆಗೆ ಅಕ್ಕ, "ಪ್ರದಕ್ಷಿಣೆ ಸಾಕು ರೀ, ಇನ್ನು ಹೊರಡೋಣ" ಎಂದು ಕಿಟಕಿಯಿಂದ ಕೈ ಹೊರಹಾಕಿ ತಾನೇ ಟ್ರಾಫಿಕ್ ನಿಲ್ಲಿಸಿದಳಂತೆ. ಅಕ್ಕನಿಗೆ ಭಯ ಅನ್ನುವುದೇ ಇಲ್ಲ. ಒಂದು ಮನೆಗೆ ಬೇಕಾದ ಭಯವನ್ನೆಲ್ಲ ಒಬ್ಬರೇ ಪಟ್ಟುಬಿಟ್ಟರೆ ಇನ್ನೊಬ್ಬರಿಗೆ ಉಳಿಯುವುದಾದರೂ ಏನು?

ಇಂಥ ಭಾವನಿಗೆ ಬಸ್ ಲೇನಿನ ನೋಟಿಸು ಬಂತು!

ನಾನು ಮೀಟಿಂಗಿನಲ್ಲಿದ್ದೆ. ಫೋನಿನಲ್ಲಿ ಪಿಸುದನಿ. "ತಕ್ಷಣ ಬಾ. ಫೋನಲ್ಲಿ ಹೇಳೋ ವಿಷಯ ಅಲ್ಲ." ಹಾರ್ಟ್ ಅಟ್ಯಾಕೋ? ಕಳ್ಳತನವೋ? ಟ್ಯಾಕ್ಸಿ ಹಿಡಿದು ನ್ಗಾರಾಕ್ಕೆ ಓಡಿದೆ. ಭಾವ ಪರದೆ ಎಳೆದು, ಬಾಗಿಲು ಹಾಕಿ, ಮೊಬೈಲನ್ನು ಎರಡು ಕೈಯಲ್ಲಿ ಹಿಡಿದು ಕೂತಿದ್ದರು. ನಗರಾಡಳಿತದ ಸಂದೇಶ: ನಿಮ್ಮ ವಾಹನ ಭಾನುವಾರ ಬೆಳಿಗ್ಗೆ ಕಸರಾನಿಯ ಹತ್ತಿರ ಹೆದ್ದಾರಿಯ ಬಸ್ ಲೇನಿನಲ್ಲಿ ಹೋಗಿದ್ದು ಕ್ಯಾಮೆರಾದಲ್ಲಿ ದಾಖಲಾಗಿದೆ, ದಂಡ ಕಟ್ಟಿ, ಆಕ್ಷೇಪಣೆ ಇದ್ದರೆ ಅಪೀಲು ಮಾಡಿ.

"ಇಷ್ಟೇನಾ!" ಅಂದೆ.

"ಇಷ್ಟೇ ಅಂತೀಯಲ್ಲಯ್ಯಾ! ಕ್ಯಾಮೆರಾ ಅಂತೆ. ನಂಬರ್ ಪ್ಲೇಟ್ ಮಾತ್ರ ಬೀಳುತ್ತೋ, ಒಳಗಡೆನೂ ಬೀಳುತ್ತೋ?"

"ಒಳಗೇನಿತ್ತು ಭಾವ?"

"ಏನಿಲ್ಲ. ಸುಮ್ಮನೆ ಕೇಳಿದೆ."

ಅಡುಗೆಮನೆಯಲ್ಲಿ ಮಿಕ್ಸಿ ಕಿರುಚುತ್ತಲೇ ಇತ್ತು. ನಾನು ಹೋದಾಗಲೆಲ್ಲ "ಬಂದ್ಯೇನೋ, ಇಳಿದುಹೋಗಿದ್ದೀಯಲ್ಲೋ" ಎಂದು ಓಡಿ ಬರುವ ಅಕ್ಕ ಅವತ್ತು ಹೊರಗೇ ಬರಲಿಲ್ಲ. ನೀರು ಕುಡಿಯುವ ನೆಪದಲ್ಲಿ ಇಣುಕಿದೆ. ಮಿಕ್ಸಿ ಜಾರಿನಲ್ಲಿ ಏನೂ ಇರಲಿಲ್ಲ! "ಚಟ್ನಿ" ಎಂದಳು ಅಕ್ಕ, ನನ್ನ ಮುಖ ನೋಡದೆ.

ಸಂಜೆ ವಿಡಿಯೋ ಕಾಲಿನಲ್ಲಿ ನನ್ನ ಮಗಳು ತೀರ್ಪು ಕೊಟ್ಟಳು. "ಮಾವ, ಜಸ್ಟ್ ಪೇ ಇಟ್! ಎವ್ರಿಬಡಿ ಡಸ್." ಕನ್ನಡ ಅವಳಿಗೆ ಅರ್ಥವಾಗುತ್ತದೆ, ಬಾಯಿಗೆ ಮಾತ್ರ ಬರುವುದಿಲ್ಲ. ಭಾವ ತಲೆ ಆಡಿಸಿದರು. "ಕಟ್ಟೋಕೆ ಆಗಲ್ಲ ಮರಿ. ಅಪೀಲೇ ಮಾಡಬೇಕು. ಲೈಸೆನ್ಸಿಗೆ ಕಪ್ಪು ಚುಕ್ಕೆ ಬಿದ್ದರೆ?"

"ಯಾರ ಲೈಸೆನ್ಸಿಗೆ ಭಾವ?"

"ಯಾರದ್ದಾದರೂ!" ಎಂದು ರೇಗಿ ಫೋನಿಟ್ಟರು. ಭಾವ ರೇಗಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಅವರ ಭಯ ನನಗೂ ಸ್ವಲ್ಪ ಸ್ವಲ್ಪವಾಗಿ ಹತ್ತತೊಡಗಿತು. ಭಾನುವಾರ ಬೆಳ್ಳಂಬೆಳಿಗ್ಗೆ ಕಸರಾನಿಯಲ್ಲಿ ಇವರಿಗೆ ಏನು ಕೆಲಸ? ಕಾರಿನೊಳಗೆ ಯಾರಿದ್ದರು? ಹೆಂಡತಿಯ ಹತ್ತಿರ ಹೇಳಿದರೆ, "ಛೀ, ನಿಮ್ಮ ಭಾವನ ಮೇಲೆ ಅಂಥ ಅನುಮಾನವಾ? ಪಕ್ಕದ ಮನೆ ಬೆಲ್ ಒತ್ತೋಕೂ ಅಕ್ಕನ್ನ ಕಳಿಸ್ತಾರೆ" ಎಂದಳು. ಅದೂ ನಿಜವೇ.

ಅಪೀಲಿಗೆ ಸಾಕ್ಷ್ಯ ಬೇಕಲ್ಲ? ಶನಿವಾರ ನನ್ನನ್ನು ಕರೆದುಕೊಂಡು ಸ್ಥಳ ಪರಿಶೀಲನೆಗೆ ಹೊರಟರು. ಟ್ಯಾಕ್ಸಿಯಲ್ಲಿ! "ನಿಮ್ಮ ಕಾರೆಲ್ಲಿ?" ಅಂದರೆ, "ಅದು ಆರೋಪಿ ಕಣಯ್ಯ, ಘಟನೆ ನಡೆದ ಜಾಗಕ್ಕೆ ತರಬಾರದು" ಎಂದರು. ಹೆದ್ದಾರಿ ಪಕ್ಕದಲ್ಲಿ ನಿಂತು ನೋಡಿದರೆ, ಬಸ್ ಲೇನ್ ಎಂದು ಸಾರುವ ಫಲಕದ ಮುಂದೆ ಹಾಸಿಗೆ ಮಾರುವವರ ದೊಡ್ಡ ಜಾಹೀರಾತು. ಅದರಲ್ಲಿ ಒಬ್ಬಾಕೆ ನಿಶ್ಚಿಂತೆಯಿಂದ ಮಲಗಿದ್ದಳು. ಭಾವನ ಮುಖ ಅರಳಿತು. "ಫೋಟೋ ತೆಗಿ! ನಿದ್ದೆ ಮಾಡ್ತಿರೋಳೂ ಬೀಳ್ಲಿ, ಹಿಂದೆ ಅಡಗಿರೋ ಬೋರ್ಡಿನ ಕಂಬನೂ ಬೀಳ್ಲಿ!" ನಾನು ಫೋಟೋ ತೆಗೆಯುವಷ್ಟರಲ್ಲಿ ಬಣ್ಣ ಬಳಿದ ಮಟಾಟುವೊಂದು, ಅಂದರೆ ಇಲ್ಲಿನ ಖಾಸಗಿ ಮಿನಿಬಸ್ಸು, ಧಡಧಡ ಸಂಗೀತದ ಜೊತೆ ಬಂದು ನಿಂತಿತು. ಬಾಗಿಲಲ್ಲಿ ನೇತಾಡುತ್ತಿದ್ದ ಕಂಡಕ್ಟರು "ಮ್ಜೇ, ಟೌನ್, ಟೌನ್!" ಎಂದು ಹಿರಿಯರಿಗೆ ಸಲ್ಲುವ ಗೌರವದಿಂದಲೇ ಭಾವನ ತೋಳು ಹಿಡಿದ. ಬೇಡ ಎಂದರೆ ಅವನಿಗೆ ಬೇಸರವಾದೀತು ಎಂದು ಭಾವ ಒಂದು ಕಾಲು ಇಟ್ಟೇಬಿಟ್ಟರು! ನಾನು ಹಿಂದಿನಿಂದ ಕೋಟು ಹಿಡಿದು ಎಳೆದುಕೊಳ್ಳದಿದ್ದರೆ ಸಾಕ್ಷ್ಯ ಇಲ್ಲಿ, ಭಾವ ಟೌನಿನಲ್ಲಿ.

ವಿಚಾರಣೆಯ ದಿನ ಬಂತು. ಭಾವ ಮದುವೆಯ ಸೂಟು ಹಾಕಿದ್ದರು. ಸೂಟು ಇವರನ್ನು ಹಾಕಿಕೊಂಡಿತ್ತೋ ಏನೋ, ಒಳಗೆ ಅಷ್ಟು ಜಾಗವಿತ್ತು. ಕಚೇರಿಯ ಗಾಜಿನ ಬಾಗಿಲು ಒಂದು ಪಕ್ಕಕ್ಕೆ ತೆರೆದೇ ಇತ್ತು. ಭಾವ ತೆರೆದಿದ್ದನ್ನು ಬಿಟ್ಟು ಮುಚ್ಚಿದ ಕಡೆಗೆ ಹೋಗಿ ಢಣ್ ಎಂದು ಹಣೆ ಬಡಿದುಕೊಂಡರು. ಕಾವಲಿನವನು "ಪೋಲೆ, ಪೋಲೆ" ಎಂದು ಕನಿಕರಿಸಿದ. ನಾನು ನಕ್ಕುಬಿಟ್ಟೆ. ಭಾವನೂ ನಕ್ಕರು.

ಅಧಿಕಾರಿಣಿ ನಡುವಯಸ್ಸಿನ ಗಂಭೀರ ಹೆಂಗಸು. ಭಾವ ಒಳಗೆ ಕಾಲಿಟ್ಟಿದ್ದೇ "ಯುವರ್ ಆನರ್!" ಎಂದು ಸೆಟೆದು ನಿಂತರು.

"ನಾನು ಜಡ್ಜ್ ಅಲ್ಲ ಮ್ಜೇ. ಕರೀಬು, ಕೂತ್ಕೊಳ್ಳಿ" ಎಂದು ಆಕೆ ಕುರ್ಚಿ ತೋರಿಸಿದರು.

ಭಾವ ಕೂರಲಿಲ್ಲ. ಕನ್ನಡಿ ಮುಂದೆ ವಾರವೆಲ್ಲ ಅಭ್ಯಾಸ ಮಾಡಿದ್ದನ್ನು ಒಂದೇ ಉಸಿರಿಗೆ ಒಪ್ಪಿಸಿದರು. ಫಲಕ ಮರೆಯಾಗಿರುವುದು, ಅದು ಯಾವ ಕೋನದಿಂದ ಕಾಣುತ್ತದೆ, ಯಾವ ಕೋನದಿಂದ ಕಾಣುವುದಿಲ್ಲ, ಎಲ್ಲ ಬಂತು. ಇಡೀ ತ್ರಿಕೋನಮಿತಿ ಮುಗಿಯಿತು! ಆಕೆ ತಾಳ್ಮೆಯಿಂದ ಕೇಳಿ, ಫೋಟೋ ನೋಡಿ, "ನಿಜ, ಫಲಕ ಕಾಣ್ತಿಲ್ಲ. ಜಾಹೀರಾತು ತೆಗೆಸೋಕೆ ಹೇಳ್ತೀನಿ" ಎಂದರು. ಭಾವ ನನ್ನ ಕೈ ಅಮುಕಿದರು. ಗೆದ್ದೆವು!

"ಆದರೆ ಆ ಲೇನ್ ಪೂರ್ತಿ ಕೆಂಪು ಬಣ್ಣ ಇದೆಯಲ್ಲ?" ಎಂದು ಆಕೆ ಮುಂದುವರಿಸಿದರು. "ಇನ್ನೆಷ್ಟು ಕೆಂಪು ಮಾಡಬೇಕು ನಾವು?" ಹಾಗೆನ್ನುತ್ತಾ ಕಂಪ್ಯೂಟರ್ ಪರದೆಯನ್ನು ನಮ್ಮ ಕಡೆ ತಿರುಗಿಸಿದರು.

ಅಯ್ಯೋ ದೇವರೇ, ಒಳಗಡೆನೂ ಬಿದ್ದಿತ್ತು!

ಖಾಲಿ ಕೆಂಪು ರಸ್ತೆಯ ನಡುವೆ ಭಾವನ ಹಳೆಯ ಕಾರು. ಸ್ಟೀರಿಂಗ್ ಹಿಡಿದು ಕೂತವಳು ನಮ್ಮ ಅಕ್ಕ! ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಾಯ್ತುಂಬ ನಗುತ್ತಿದ್ದಾಳೆ. ಪಕ್ಕದ ಸೀಟಿನಲ್ಲಿ ಭಾವ. ಎರಡು ಕೈಯಲ್ಲಿ ಡ್ಯಾಶ್‌ಬೋರ್ಡು ತಬ್ಬಿ, ಬಾಯಿ ತೆರೆದು, ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದಾರೆ. ಗಾಜಿನ ಮೇಲೆ ಕಲಿಯುವವರ 'ಎಲ್' ಚೀಟಿ.

"ಓಡಿಸ್ತಿರೋರು ಯಾರು?" ಎಂದು ಆಕೆ ಕೇಳಿದರು.

ಭಾವ ಆಗ ಕುರ್ಚಿಯಲ್ಲಿ ಕೂತರು. "ನನ್ನ ಹೆಂಡತಿ. ಕಲೀತಿದ್ದಾಳೆ, ಕಲಿಯೋ ಪರವಾನಗಿ ಇದೆ. ಹೇಳಿಕೊಡೋನು ನಾನು. ತಪ್ಪು ನಂದು. ದಯವಿಟ್ಟು ಅವಳ ಹೆಸರಿಗೆ ಏನೂ ಬರೀಬೇಡಿ, ಮುಂದಿನ ವಾರ ಟೆಸ್ಟ್ ಇದೆ" ಎಂದರು.

"ಮ್ಜೇ, ಹೇಳಿಕೊಡೋ ಗುರುಗಳು ಕಣ್ಣು ಮುಚ್ಚಿಕೊಂಡಿದ್ದಾರೆ!"

ಆಕೆಯ ಗಾಂಭೀರ್ಯ ಅಲ್ಲಿಗೆ ಮುಗಿಯಿತು. ನಕ್ಕೂ ನಕ್ಕೂ ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ, "ದಂಡ ಬಿಡೋಕಾಗಲ್ಲ. ಅದು ಗಾಡಿಯ ಮಾಲೀಕರಿಗೆ, ನಿಮಗೇ. ಅಮ್ಮನ ಟೆಸ್ಟಿಗೆ ಏನೂ ತೊಂದರೆ ಇಲ್ಲ, ಕಲೀಲಿ. ದಿನವೆಲ್ಲ ಇಂಥ ಫೋಟೋನೇ ನೋಡ್ತೀನಿ. ನಗ್ತಾ ಇರೋ ಡ್ರೈವರ್‌ನ ನೋಡಿದ್ದು ಇದೇ ಮೊದಲು" ಎಂದರು.

ಭಾವ "ಅಸಾಂಟೆ ಸಾನಾ" ಎಂದು ಕೈ ಮುಗಿದರು. ಅಪೀಲು ಬಿದ್ದುಹೋಗಿದ್ದಕ್ಕೆ ಇಷ್ಟು ಕೃತಜ್ಞತೆ ತೋರಿದವರನ್ನು ಆ ಕಚೇರಿ ಕಂಡಿರಲಾರದು! ಬಾಗಿಲ ತನಕ ಬಂದವರು ಹಿಂತಿರುಗಿ, "ಮೇಡಂ, ಆ ಫೋಟೋದ ಒಂದು ಪ್ರತಿ ಸಿಗುತ್ತಾ?" ಎಂದರು.

"ಅದಕ್ಕೆ ಬೇರೆ ಅರ್ಜಿ ಕೊಡಬೇಕು."

ಹೊರಗೆ ಕಲ್ಲುಬೆಂಚಿನ ಮೇಲೆ ಕೂತೆವು. ನನಗೆ ನಗು ತಡೆಯಲಾಗುತ್ತಿರಲಿಲ್ಲ. "ಈ ವಯಸ್ಸಲ್ಲಿ ಅಕ್ಕನಿಗೆ ಡ್ರೈವಿಂಗಾ? ಅದಕ್ಕೆ ಇಷ್ಟು ಗುಟ್ಟಾ? ದಂಡ ಕಟ್ಟಿ ಮುಗಿಸೋದಲ್ವಾ?"

"ಕಟ್ಟೋ ಫಾರ್ಮಲ್ಲಿ ಯಾರು ಓಡಿಸ್ತಿದ್ದರು ಅಂತ ಕೇಳುತ್ತೆ ಕಣಯ್ಯ. ಸುಳ್ಳು ಬರೆಯೋಕೆ ಕೈ ಬರಲಿಲ್ಲ. ನಿಜ ಬರೆದರೆ ಅವಳ ಟೆಸ್ಟ್ ತಪ್ಪಿಹೋಗುತ್ತೇನೋ ಅಂತ ಭಯ." ಕೋಟಿನ ಗುಂಡಿ ಬಿಚ್ಚಿಕೊಂಡು ಮುಂದುವರಿಸಿದರು. "ಸ್ಟೇಡಿಯಂ ಹತ್ತಿರ ಖಾಲಿ ರಸ್ತೇಲಿ ಕಲಿಸ್ತಿದ್ದೆ. ತಿರುವು ತಪ್ಪಿ ಹೈವೇಗೆ ಬಂದುಬಿಟ್ಟಳು. ಎಡಗಡೆಯಿಂದ ಮಟಾಟು ನುಗ್ಗಿತು. ಅವಳು ಗಾಬರಿಯಾಗಿ ಬಲಕ್ಕೆ ಎಳೆದಳು. ಆಮೇಲೆ 'ಅಬ್ಬಾ, ಇಷ್ಟು ಒಳ್ಳೇ ರಸ್ತೇಲಿ ಯಾರೂ ಹೋಗ್ತಾನೇ ಇಲ್ಲವಲ್ಲ ರೀ!' ಅಂತ ನಗೋಕೆ ಶುರು ಮಾಡಿದಳು. ಎಡಗಡೆ ಕೂತಿದ್ದು ನಾನು. ಮಟಾಟು ಬಂತು ಅಂತ ಹೇಳಬೇಕಾದವನು ನಾನು. ನನಗೆ ಅದು ಕಾಣಲೇ ಇಲ್ಲ."

ನನ್ನ ನಗು ನಿಂತಿತು.

"ಗ್ಲಾಕೋಮಾ ಅಂತೆ. ಎರಡೂ ಕಣ್ಣು. ಮುಂದಿರೋದು ಕಾಣುತ್ತೆ, ಪಕ್ಕದ್ದು ಹೋಗಿದೆ. ಹೋಗಿದ್ದು ವಾಪಸ್ ಬರಲ್ಲ ಅಂದರು ಡಾಕ್ಟ್ರು. ಈ ಊರಲ್ಲಿ ಮಟಾಟುಗಳೆಲ್ಲ ಪಕ್ಕದಿಂದಲೇ ಬರೋದು! ಡಾಕ್ಟ್ರು ಹಾಗಂದ ದಿನದಿಂದ ನಾನು ಸ್ಟೀರಿಂಗ್ ಮುಟ್ಟಿಲ್ಲ. ಅವಳಿಗೆ ಕಲಿಸೋಕೆ ಶುರು ಮಾಡಿದ್ದೂ ಆಮೇಲೇ."

"ಅಕ್ಕನಿಗೆ ಗೊತ್ತಾ?"

"ಇಲ್ಲ. ಮದುವೆಯಾದಾಗಿನಿಂದ ಡ್ರೈವಿಂಗ್ ಕಲೀತೀನಿ ಅಂತಿದ್ದಳು. ನನಗೇ ಭಯ, ಬೇಡ ಬೇಡ ಅಂತ ತಳ್ಳಿಕೊಂಡು ಬಂದೆ. ಈಗ ನನ್ನ ಕಣ್ಣಿಗೋಸ್ಕರ ಕಲಿ ಅಂದರೆ ಅವಳೂ ಹೆದರಿಕೊಂಡೇ ಕಲೀತಾಳೆ. ಹೆದರಿಕೊಂಡು ಓಡಿಸೋದು ಹೇಗಿರುತ್ತೆ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅವಳು ಆಸೆಪಟ್ಟು ಕಲೀಲಿ. ಲೈಸೆನ್ಸ್ ಬಂದ ದಿನ ಹೇಳ್ತೀನಿ. ಅಲ್ಲೀವರೆಗೂ ನೀನು ಬಾಯಿ ಬಿಡಬೇಡ."

ನಾನು ಬಾಯಿ ಬಿಡಲಿಲ್ಲ. ಆ ಒಂದು ವಾರ ಅಕ್ಕನ ಫೋನು ಬಂದಾಗಲೆಲ್ಲ ಹೆಂಡತಿಯ ಕೈಗೆ ಕೊಟ್ಟು ಜಾರಿಕೊಂಡೆ.

ಅಕ್ಕ ಟೆಸ್ಟ್ ಪಾಸಾದಳು. ಲೈಸೆನ್ಸ್ ಕೈಗೆ ಬಂದ ಸಂಜೆ ಫೋನ್ ಮಾಡಿದಳು. ಹಲೋ ಅಂದರೆ, "ಅವರ ಕಣ್ಣಿನ ವಿಷಯ ನಿನಗೂ ಗೊತ್ತಿತ್ತೇನೋ?" ಎಂದಳು. ಭಾವ ಹೇಳಿದ್ದಾರೆ ಎಂದು ಅರ್ಥವಾಯಿತು. ಆಮೇಲೆ ತಾನೇ, "ಭಾನುವಾರ ರೆಡಿಯಾಗಿರೋ. ನಿನ್ನನ್ನ ಒಂದು ರೌಂಡ್ ಕರ್ಕೊಂಡು ಹೋಗ್ತೀನಿ" ಎಂದಳು.

ಹೇಳಿದ ಹಾಗೇ ಬಂದಳು. ನಾನು ಹಿಂದೆ ಕೂತೆ. ಭಾವ ಅವಳ ಪಕ್ಕದಲ್ಲಿ, ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ದೊಡ್ಡ ರಸ್ತೆಯ ನಡುವಿನ ಜಾಲಿಮರಗಳ ನೆತ್ತಿಯ ಮೇಲೆ ಬೋಳುತಲೆಯ ದೊಡ್ಡ ದೊಡ್ಡ ಕೊಕ್ಕರೆಗಳು ಗೂಡು ಕಟ್ಟಿ ನಿಂತಿದ್ದವು. ಭಾವ ಕತ್ತನ್ನು ಪೂರ್ತಿ ಆ ಕಡೆಗೆ ತಿರುಗಿಸಿ ಬೆರಗಾಗಿ ನೋಡಿದರು.

"ಇವು ಯಾವಾಗ ಬಂದವೇ ಇಲ್ಲಿಗೆ?"

"ನಾವು ಬರೋಕೆ ಮುಂಚಿನಿಂದಲೂ ಇವೆ ರೀ" ಎಂದಳು ಅಕ್ಕ. "ನೀವು ರಸ್ತೆ ಬಿಟ್ಟು ಯಾವತ್ತು ತಲೆ ಎತ್ತಿದ್ರಿ?"

"ಮರಿಗಳೂ ಇವೆ ನೋಡು!"

ಹಿಂದಿನ ಮಟಾಟು ಒಂದೇ ಸಮನೆ ಹಾರ್ನ್ ಹೊಡೆಯುತ್ತಿತ್ತು. ಅಕ್ಕ ಕಾರನ್ನು ಇನ್ನಷ್ಟು ನಿಧಾನ ಮಾಡಿದಳು.