ಸೆಕ್ರೆಟರಿ ಭಟ್ಟರ ಎಚ್‌ಆರ್‌ವಿ

ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ವಿಷ್ಣುಮೂರ್ತಿ ಭಟ್ಟರ ಸ್ಮಾರ್ಟ್‌ವಾಚ್ ಹತ್ತೊಂಬತ್ತು ಎಂದು ತೋರಿಸಿತು. ಪರೀಕ್ಷೆಯಲ್ಲಿ ಫೇಲಾಗಿಯೂ ಬಹುಮಾನ ಬಂದವರಂತೆ ಭಟ್ಟರು ಹಿಗ್ಗಿದರು.

ವರ್ತಕ ನಗರದ ಸಹ್ಯಗಂಗಾ ಹೌಸಿಂಗ್ ಸೊಸೈಟಿಗೆ ಅವರು ಆರು ವರ್ಷಗಳಿಂದ ಸೆಕ್ರೆಟರಿ. ಸೋರುವ ಗೋಡೆ, ಪಾರ್ಕಿಂಗ್ ಜಗಳ, ಬಾರದ ನೀರು, ಎಲ್ಲವೂ ಅವರ ತಲೆಗೆ. ಪ್ರತಿ ವಾರ್ಷಿಕ ಸಭೆಯಲ್ಲೂ ಇನ್ನು ನನ್ನನ್ನು ಬಿಡಿ ಎನ್ನುತ್ತಿದ್ದರು. ಸದಸ್ಯರು ಚಪ್ಪಾಳೆ ತಟ್ಟಿ ಅವರನ್ನೇ ಮತ್ತೆ ಕೂರಿಸುತ್ತಿದ್ದರು. ಚಪ್ಪಾಳೆಗೆ ಎದುರು ಮಾತಾಡುವುದು ಹೇಗೆಂದು ಭಟ್ಟರಿಗೆ ತಿಳಿಯುತ್ತಿರಲಿಲ್ಲ.

ಈ ಸಲ ಸಾಕ್ಷಿ ಇತ್ತು. ಮಗಳು ಅಪರ್ಣಾ ಕಳೆದ ವರ್ಷ ಕೊಡಿಸಿದ ವಾಚು ಎಚ್‌ಆರ್‌ವಿ ಅಳೆಯುತ್ತಿತ್ತು. ಹೃದಯದ ಒಂದು ಬಡಿತಕ್ಕೂ ಇನ್ನೊಂದಕ್ಕೂ ನಡುವಿನ ಬಿಡುವು ಒಂದೇ ಸಮ ಇರಬಾರದಂತೆ. ಅದು ಕೊಂಚ ಹೆಚ್ಚುಕಡಿಮೆ ಆಗುತ್ತಿದ್ದರೆ ದೇಹ ನಿರಾಳ, ಅಂಕಿ ದೊಡ್ಡದು; ಅಂಕಿ ಇಳಿದರೆ ಒತ್ತಡ. ಮನುಷ್ಯನ ನಿಜ ಇರುವುದು ಬಡಿತದಲ್ಲಲ್ಲ, ನಡುವಿನ ಮೌನದಲ್ಲಿ ಎಂಬುದು ಭಟ್ಟರಿಗೆ ಬಹಳ ಹಿಡಿಸಿತ್ತು. ಸಂಜೆ ಐದರ ಸಭೆಯಲ್ಲಿ ಆ ಹತ್ತೊಂಬತ್ತನ್ನು ತೋರಿಸಿ ಕೈಮುಗಿದುಬಿಡುವುದೆಂದು ನಿಶ್ಚಯಿಸಿ ಹೆಂಡತಿಗೆ ಹೇಳಿದರು. ಸೆಕ್ರೆಟರಿಗಿರಿ ಬಿಡಿ ಎಂದು ತಾನು ಆರು ವರ್ಷ ಬಡಕೊಂಡರೂ ಕೇಳದವರು ವಾಚು ಹೇಳಿದರೆ ಕೇಳುತ್ತಾರಲ್ಲ ಎಂದು ರಮಾಮಣಿ ಮುಖ ಊದಿಸಿ, ಅಡುಗೆಮನೆಯ ಡಬ್ಬಿಗಳನ್ನೆಲ್ಲ ಇಳಿಸಿ ಒರೆಸತೊಡಗಿದರು.

ಹತ್ತಕ್ಕೆ ವಾಚ್‌ಮನ್ ಬಂದು ಕರೆದ. ನೀರಿನ ಟ್ಯಾಂಕರ್ ಗೇಟಿನಲ್ಲಿ ಅಡ್ಡ ಸಿಕ್ಕಿಕೊಂಡಿತ್ತು. ಭಟ್ಟರು ಡ್ರೈವರ್ ಜೊತೆ ಹಿಂದಿಯಲ್ಲಿ, ಹಿಂದೆ ಹಾರ್ನ್ ಹೊಡೆಯುತ್ತಿದ್ದ ರಿಕ್ಷಾದವನ ಜೊತೆ ಮರಾಠಿಯಲ್ಲಿ, ತಮ್ಮೊಳಗೆ ತುಳುವಿನಲ್ಲಿ ಜಗಳಾಡಿ ಅದನ್ನು ಒಳಗೆ ತರಿಸಿದರು. ಈಗ ಅಂಕಿ ಇನ್ನೂ ಇಳಿದಿರಬೇಕೆಂಬ ಆಸೆಯಿಂದ ವಾಚ್‌ಮನ್ನನ ಕುರ್ಚಿಯಲ್ಲಿ ಒಂದು ನಿಮಿಷ ಕದಲದೆ ಕೂತು ಅಳೆದರೆ, ಐವತ್ತೆರಡು.

ಗಾಬರಿಯಿಂದ ಅವರು ಎರಡನೇ ಮಹಡಿಯ ಜಯಶೀಲ ಶೆಟ್ಟರಿಗೆ ಗುಟ್ಟು ಹೇಳಿಕೊಂಡರು. ಶೆಟ್ಟರಿಗೆ ಕಲ್ಯಾಣದಲ್ಲಿ ಹೋಟೆಲು. ಯಾವ ಸಮಸ್ಯೆಗೂ ಅವರ ಬಳಿ ಕುಡಿಯುವ ಪರಿಹಾರವೊಂದು ಇರುತ್ತಿತ್ತು.

"ಖಡಕ್ ಚಾ ನಾಲ್ಕು ಗ್ಲಾಸ್ ಹೊಡೀರಿ ಭಟ್ರೆ. ಮತ್ತೆ ಏಳು ಮಾಳಿಗೆ ನಡ್ಕೊಂಡು ಹತ್ತಿ. ನಂಬರ್ ಎಂತ, ನೀವೇ ಬೀಳ್ತೀರಿ."

ಭಟ್ಟರು ಚಹಾ ಕುಡಿದು ಹತ್ತಿದರು. ಸೆಕ್ರೆಟರಿ ಮೆಟ್ಟಿಲಲ್ಲಿ ಸಿಗುವುದು ಅಪರೂಪವಾದ್ದರಿಂದ ಮಹಡಿಗೊಬ್ಬರು ಅವರನ್ನು ಒಳಗೆಳೆದು ಸೋರುವ ಬಾತ್‌ರೂಮು ತೋರಿಸಿದರು. ಮೇಲಿನ ಮನೆಯವರದು ತಪ್ಪೆಂದು ಕೆಳಗಿನವರು, ಕೆಳಗಿನವರದು ಭ್ರಮೆಯೆಂದು ಮೇಲಿನವರು. ಭಟ್ಟರು ಐದು ಛಾವಣಿಗಳಿಗೆ ಕೋಲಿನಿಂದ ಕುಟ್ಟಿ ನೋಡಿ, ಟೆರೇಸಿನಲ್ಲಿ ಕೂತು ಅಳೆದರು. ಅರವತ್ತೊಂದು.

ಸೋತು ಸುಣ್ಣವಾಗಿ ಊಟಕ್ಕೆ ಬಂದರೆ ಡಬ್ಬಿಗಳು ಇನ್ನೂ ನೆಲದ ಮೇಲೆ, ಸಾರು ಆರಿತ್ತು. ರಮಾಮಣಿ ಆರು ವರ್ಷಗಳ ಸಾರಿನ ಚರಿತ್ರೆಯನ್ನು ಅರ್ಧ ಗಂಟೆ ಹೇಳಿದರು. ಕೈ ತೊಳೆದು ಅಳೆದರೆ ಹದಿನೇಳು. ಚಹಾ ತಡವಾಗಿ ಏರಿದೆ ಎಂದು ಭಟ್ಟರಿಗೆ ಹೊಳೆಯಿತು. ಅದು ಇಳಿದುಹೋಗದಂತೆ ಸಂಜೆಯವರೆಗೆ ಮನೆ ಬಿಟ್ಟು ಕದಲಲಿಲ್ಲ. ನಾಲ್ಕೂವರೆಗೆ ಹದಿನೈದು. ಮನಸ್ಸಿನಲ್ಲೇ ಶೆಟ್ಟರಿಗೆ ಕೈಮುಗಿದರು.

ಪಾರ್ಕಿಂಗಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ ಸಭೆ ಕೂತಿತು. ಭಟ್ಟರು ಎದ್ದು, ವಾಚಿನ ಅಂಕಿ ಮೂಡುವ ಫೋನು ಮೇಲೆತ್ತಿ, ತಮ್ಮ ಹೃದಯ ಹದಿನೈದಕ್ಕೆ ಬಂದಿದೆಯೆಂದು ಮೆಲ್ಲಗೆ ಹೇಳಿದರು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಚೇರ್ಮನ್ ಸಂಕರ್ಷಣ ರಾಯರು ಕನ್ನಡಕ ತೆಗೆದು ಒರೆಸಿದರು. ನಾಲ್ಕನೇ ಮಹಡಿಯ ಲತೀಶ್ ಕನಿಕರ ತಡೆಯಲಾರದೆ, ತಾನೇ ಬೇಕಾದರೆ ಒಂದು ವರ್ಷ ನೋಡುತ್ತೇನೆಂದು ಅರ್ಧ ಕೈ ಎತ್ತಿದ.

ಆಗ ಶೆಟ್ಟರ ಮಗ ಹಿತೇಶ್ ಎದ್ದ.

"ಅಂಕಲ್, ಒಂದು ದಿನದ ನಂಬರ್ ಸೇ ಕುಛ್ ನಹೀ ಹೋತಾ. ಪೂರಾ ವರ್ಷದ ಗ್ರಾಫ್ ನೋಡ್ಬೇಕು."

ಫೋನು ಕೈಯಿಂದ ಕೈಗೆ ಹೋಯಿತು. ಗ್ರಾಫು ಸಹ್ಯಾದ್ರಿಯಂತಿತ್ತು. ಅತಿ ಎತ್ತರದ ಶಿಖರ ಲಿಫ್ಟಿನಲ್ಲಿ ಮೂವರು ಸಿಕ್ಕಿಬಿದ್ದ ದಿನದ್ದು. ಪಾರ್ಕಿಂಗ್ ಹೊಡೆದಾಟದ ವಾರ ಪೂರ್ತಿ ಬೆಟ್ಟ. ಮನೆಯಲ್ಲೇ ಕಳೆದ ಭಾನುವಾರಗಳೆಲ್ಲ ಕಣಿವೆ. ಸೊಸೈಟಿ ಆಫೀಸಿಗೆ ಬಣ್ಣ ಬಳಿಸುವಾಗ ಭಟ್ಟರು ರಜೆ ಹಾಕಿ ಮನೆಯಲ್ಲಿದ್ದ ಹತ್ತು ದಿನ, ಪಾತಾಳ.

"ಭಟ್ರೆ," ಎಂದರು ಶೆಟ್ಟರು ಗಂಭೀರವಾಗಿ, "ನಿಮ್ಮನ್ನು ಬಿಟ್ರೆ ನಮಗೆ ಪಾಪ ಬರ್ತದೆ."

ಲತೀಶನ ಕೈ ಕೆಳಗಿಳಿಯಿತು. ಚಪ್ಪಾಳೆ ಪಾರ್ಕಿಂಗಿನ ಕಂಬಗಳಿಗೆ ಬಡಿದು ಮೊಳಗಿತು. ವೈದ್ಯಕೀಯ ಕಾರಣಕ್ಕಾಗಿ ಭಟ್ಟರಿಗೆ ಐದು ವರ್ಷ ಒಟ್ಟಿಗೇ ಕೊಡಬೇಕೆಂದು ರಾಯರು ಸೂಚಿಸಿದರು, ಸರ್ವಾನುಮತದಿಂದ ಆಯಿತು. ಎರಡನೇ ಸಾಲಿನಲ್ಲಿ ಕೂತಿದ್ದ ರಮಾಮಣಿ ಮಾತ್ರ ಚಪ್ಪಾಳೆ ತಟ್ಟದೆ, ಫೋನಿನಲ್ಲಿ ಭಾನುವಾರಗಳನ್ನು ಇನ್ನೊಮ್ಮೆ ನೋಡಿ, ಎದ್ದು ಹೋದರು.

ಭಟ್ಟರು ಹೂವಿನ ಹಾರದೊಂದಿಗೆ ಮನೆಯ ಬೆಲ್ ಒತ್ತಿದಾಗ ಬಾಗಿಲು ನಾಲ್ಕು ಬೆರಳಷ್ಟು ತೆರೆಯಿತು. ರಮಾಮಣಿಯ ಮುಖದಲ್ಲಿ ಸಿಟ್ಟಿರಲಿಲ್ಲ; ಅದೇ ಹೆದರಿಕೆಯ ವಿಷಯ.

"ಇಲ್ಲಿಗೆ ಎಂತಕ್ಕೆ ಬಂದ್ರಿ?" ಎಂದರು ಬಹಳ ಅಕ್ಕರೆಯಿಂದ. "ಆಫೀಸಿನಲ್ಲೇ ಮಲಗಿ. ಚಾಪೆ ಕಳಿಸ್ತೇನೆ. ಹೃದಯಕ್ಕೆ ಒಳ್ಳೇದು."