ಹೊಗಿ ಬಿಡಬಾರದ ದವಾಖಾನಿ

ದವಾಖಾನೆಯಲ್ಲಿ ನಗುವಂಥದ್ದೇನು ನಡೆಯುತ್ತದೆ ಎಂದು ನಮ್ಮ ಓಣಿಯವರು ಕೇಳುತ್ತಾರೆ. ನಡೆಯುತ್ತಲೇ ಇರುತ್ತದೆ. ನಗು ಬರುವ ಹೊತ್ತು ಮಾತ್ರ ಸರಿ ಇರುವುದಿಲ್ಲ. ಕೈಯಲ್ಲಿ ಸಲಾಯಿನ್ ಬಾಟಲಿ ಇರುತ್ತದೆ, ಎದುರಿಗೆ ಯಾರೋ ಅಳುತ್ತಿರುತ್ತಾರೆ.

ನಾನು ಬನಹಟ್ಟಿಯ ಒಂದು ಖಾಸಗಿ ದವಾಖಾನೆಯಲ್ಲಿ ನರ್ಸ್. ಅಲ್ಲಿ ಗಂಡ-ಹೆಂಡತಿ ಇಬ್ಬರೂ ಡಾಕ್ಟರು. ಮೇಡಮ್ ಹೆರಿಗೆ ನೋಡುವವರು, ಸಾಹೇಬರು ಎದೆರೋಗ ನೋಡುವವರು. ನೂಲಿನ ಧೂಳು ನುಂಗಿ ಕೆಮ್ಮುವ ನೇಕಾರರೆಲ್ಲ ಸಾಹೇಬರ ಕಡೆಗೇ ಬರುತ್ತಿದ್ದರು. ಸಾಹೇಬರು ಅವರ ಎದೆ ಪರೀಕ್ಷಿಸಿ, ಬೀಡಿ ಬಿಡು ಎಂದು ಬಾಯಿಗೆ ಬಂದಂತೆ ಬೈದು ಕಳಿಸುತ್ತಿದ್ದರು. ಬೈದು ದಣಿವಾದ ಮೇಲೆ ಹಿಂದಿನ ಕೋಣೆಗೆ ಹೋಗಿ ತಾವೊಂದು ಸಿಗರೇಟು ಹಚ್ಚುತ್ತಿದ್ದರು.

ಮಷಿನ್ ಬಿಸಿ ಆಗಿತ್ತು

ಒಮ್ಮೆ ತಪಾಸಣೆಗೆ ಬಂದವರು, ದವಾಖಾನೆಯ ಆವರಣದಲ್ಲಿ ಯಾರೂ ಸೇದಕೂಡದು, ಬೋರ್ಡ್ ಹಾಕಿ, ನಿಗಾ ಇಡಲು ಒಬ್ಬರನ್ನು ನೇಮಿಸಿ ಎಂದು ಹೇಳಿ ಹೋದರು. ಮೇಡಮ್ ಅವತ್ತೇ ಬೋರ್ಡ್ ಬರೆಸಿದರು. ನಿಗಾ ಇಡುವ ಕೆಲಸ ನಮ್ಮ ವಾಚ್‌ಮನ್ ಕಾಕಾನ ಪಾಲಿಗೆ ಬಂತು. ಕಾಕಾ ಮೊದಲು ಪವರ್‌ಲೂಮ್ ಕಾರ್ಖಾನೆಯಲ್ಲಿದ್ದವನು. ಅಲ್ಲಿ ಯಾರೋ ಎಸೆದ ಬೀಡಿಗೆ ನೂಲಿನ ಗೋದಾಮು ಪೂರಾ ಸುಟ್ಟಿದ್ದನ್ನು ಕಣ್ಣಾರೆ ಕಂಡವನು. ಹೊಗೆ ಎಂದರೆ ಅವನಿಗೆ ಚೇಷ್ಟೆಯಲ್ಲ.

ಮರುದಿನ ಮಧ್ಯಾಹ್ನವೇ ಎಕ್ಸ್‌ರೇ ಕೋಣೆಯ ಬಾಗಿಲ ಸಂದಿಯಿಂದ ಹೊಗೆ ಬರುವುದು ಅವನಿಗೆ ಕಂಡಿತು. "ಬೆಂಕಿ ಬಿದ್ದೈತ್ರೋ!" ಎಂದು ಕೂಗಿದವನೇ, ನೆಲ ಒರೆಸುವ ಬಕೆಟ್ ಎತ್ತಿಕೊಂಡು ಬಾಗಿಲು ಒದ್ದು ಒಳಗೆ ಸುರಿದ. ಫಿನಾಯಿಲ್ ನೀರಿನಲ್ಲಿ ನೆತ್ತಿಯಿಂದ ತೊಯ್ದ ಸಾಹೇಬರು ಹೊರಗೆ ಬಂದರು. ಪೇಶಂಟ್‌ಗಳೆಲ್ಲ ಎದ್ದು ನಿಂತಿದ್ದರು.

"ಏನಿಲ್ಲ, ಏನಿಲ್ಲ, ಕೂಡ್ರಿ. ಮಷಿನ್ ಬಿಸಿ ಆಗಿತ್ತು," ಎಂದರು ಸಾಹೇಬರು.

ಕಾಕಾ ಹತ್ತಿರ ಹೋಗಿ ಅವರನ್ನು ಮೂಸಿ ನೋಡಿದ.

"ಖರೆ ಇರಬೇಕ್ರಿ ಸಾಹೇಬ್ರ. ಆದ್ರ ಮಷಿನ್ ಬಿಸಿ ಆದ್ರ ಅದರ ವಾಸನಿ ನಿಮ್ಮ ಬಾಯಾಗ ಯಾಕ ಬರಾಕತ್ತೈತ್ರಿ?"

ದಾರಿ ಬ್ಯಾರೆ ಬ್ಯಾರೆ

ರಬಕವಿಯ ಒಬ್ಬ ನೇಕಾರ ಅಜ್ಜ ಉಸಿರು ಸಿಗದೆ ನಮ್ಮಲ್ಲಿ ದಾಖಲಾಗಿದ್ದ. ಮೂಗಿಗೆ ಆಕ್ಸಿಜನ್ ನಳಿಕೆ ಹಾಕಿದ್ದೆವು. ನಾನು ಇಂಜೆಕ್ಷನ್ ತೆಗೆದುಕೊಂಡು ವಾರ್ಡಿಗೆ ಹೋದರೆ, ಅಜ್ಜ ಬಾಯಲ್ಲಿ ಬೀಡಿ ಇಟ್ಟುಕೊಂಡು ಕಡ್ಡಿಪೆಟ್ಟಿಗೆ ತೆರೆಯುತ್ತಿದ್ದಾನೆ! ಟ್ರೇ ಎಸೆದು ಓಡಿಹೋಗಿ ಪೆಟ್ಟಿಗೆ ಕಸಿದುಕೊಂಡೆ. ಅಜ್ಜನಿಗೆ ಮಾತ್ರ ಏನೂ ಅನಿಸಲಿಲ್ಲ.

"ಯಾಕ ಹೆದರತಿ ಯವ್ವಾ? ನಿಮ್ಮ ಗಾಳಿ ಮೂಗಿನಾಗ ಹೊಂಟೈತಿ. ಬೀಡಿ ನಾ ಬಾಯಾಗ ಸೇದತೇನಿ. ಎರಡಕ್ಕೂ ದಾರಿ ಬ್ಯಾರೆ ಬ್ಯಾರೆ ಅಲ್ಲೇನು?"

ಗದ್ದಲ ಕೇಳಿ ಸಾಹೇಬರು ಓಡಿಬಂದರು. "ಹುಚ್ಚದೀಯೇನೋ ಅಜ್ಜಾ! ಈ ಆಕ್ಸಿಜನ್ ಮುಂದ ಕಡ್ಡಿ ಗೀರಿದ್ರ ನೀನೂ ಸುಟ್ಟು ಹೋಗತಿದ್ದಿ, ಈ ಸಿಸ್ಟರೂ ಹೋಗತಿದ್ಲು, ಬಾಜೂ ಕಾಟಿನವನೂ ನಿನ್ನ ಕೂಡ ಹೋಗತಿದ್ದ!"

ಆ ಪಕ್ಕದ ಕಾಟಿನವನೂ ರಬಕವಿಯವನೇ. ದಾಖಲಾದಾಗಿನಿಂದ ಅವನ ಬಾಯಿಂದ ಒಂದು ಮಾತೂ ಬಂದಿರಲಿಲ್ಲ. ಈಗ ಮುಖದ ಮಾಸ್ಕ್ ಎತ್ತಿ, ಏದುಸಿರು ಬಿಡುತ್ತ ಕೈಮುಗಿದ.

"ಸಾಹೇಬ್ರ, ನನ್ನ ಕಾಟ್ ಆ ಮೂಲಿಗೆ ಹಾಕಸ್ರಿ. ಸಾಯೂದಕ್ಕ ನನ್ನ ತಕರಾರಿಲ್ಲ. ಇವನ ಕೂಡ ಹೋಗೂದು ಮಾತ್ರ ಬ್ಯಾಡ್ರಿ. ಮದಲಿಂದ ನಮಗ ಆಗಿಬರಂಗಿಲ್ಲ."

ಮನ್ಯಾವ್ರು

ಸಾಹೇಬರಿಗೆ ಕೆಮ್ಮು ಹತ್ತಿ ಬಹಳ ದಿನವಾಗಿತ್ತು. ಊರಿನ ಧೂಳು ಎನ್ನುತ್ತಿದ್ದರು. ಒಂದು ಮುಂಜಾನೆ ಅವರ ಟೇಬಲ್ ಮೇಲಿನ ಕರವಸ್ತ್ರದಲ್ಲಿ ರಕ್ತ ಕಂಡೆ. ನಾನು ಕೇಳುವ ಮೊದಲೇ ಅವರು ಅದನ್ನು ಮಡಚಿ ಜೇಬಿಗಿಟ್ಟುಕೊಂಡರು. ಅವತ್ತೇ ಎಕ್ಸ್‌ರೇ ತೆಗೆಸಿಕೊಂಡು, ಫಿಲ್ಮನ್ನು ಗೋಡೆಯ ದೀಪದ ಪೆಟ್ಟಿಗೆಗೆ ಸಿಕ್ಕಿಸಿ, ಎದುರಿಗೆ ಕುಳಿತಿದ್ದರು. ನಾನು ಬಾಗಿಲಲ್ಲೇ ನಿಂತಿದ್ದೆ.

ಅಷ್ಟರಲ್ಲಿ ಮೇಡಮ್ ಯಾವುದೋ ಹೆರಿಗೆಯ ವಿಷಯ ಕೇಳಲು ಒಳಗೆ ಬಂದವರು ಫಿಲ್ಮ್ ನೋಡಿ ನಿಂತುಬಿಟ್ಟರು.

"ಅಯ್ಯ, ಯಾರದ್ರೀ ಇದು? ಭಾಳ ತಡಾ ಮಾಡಿ ಬಂದಾರಲ್ಲ. ಪೇಶಂಟಿನ ಮುಂದ ಏನೂ ಹೇಳಬ್ಯಾಡ್ರಿ, ಪಾಪ. ಮದಲ ಅವರ ಮನ್ಯಾವ್ರನ್ನ ಕರಸ್ರಿ."

ಸಾಹೇಬರು ಕನ್ನಡಕ ಒರೆಸಿಕೊಳ್ಳುತ್ತ ಹೇಳಿದರು: "ಮನ್ಯಾವ್ರು ಬಂದಾರ."

ಮೇಡಮ್ ತಿರುಗಿ ಹೊರಗಿನ ಬೆಂಚು ನೋಡಿದರು. ಅಲ್ಲಿ ಯಾರೂ ಇರಲಿಲ್ಲ.

ಮಾತು ಕೇಳಿದಾಂವ

ಬೆಳಗಾವಿಯ ದೊಡ್ಡ ದವಾಖಾನೆಯವರು ಆಗುವಷ್ಟು ಮಾಡಿ, ಇನ್ನು ಮನೆಯಲ್ಲೇ ಇರಲಿ ಎಂದು ಕಳಿಸಿದರು. ಸಾಹೇಬರು ಮನೆಗೆ ಹೋಗಲಿಲ್ಲ. ತಮ್ಮದೇ ವಾರ್ಡಿನಲ್ಲಿ, ಕಿಟಕಿಯ ಪಕ್ಕದ ಕಾಟಿನ ಮೇಲೆ ಮಲಗಿದರು. ಎದುರಿನ ಗೋಡೆಯ ಮೇಲೆ ಮೇಡಮ್ ಬರೆಸಿದ ಬೋರ್ಡ್.

ಒಂದು ಸಂಜೆ ಆ ನೇಕಾರ ಅಜ್ಜ ನೋಡಲು ಬಂದ. ಸ್ಟೂಲಿನ ಮೇಲೆ ಕುಳಿತು ಸುಮ್ಮನೆ ಸಾಹೇಬರ ಪಾದ ಒತ್ತತೊಡಗಿದ. ನಾನು ಬೆನ್ನು ತಿರುಗಿಸಿದ್ದೆ. ಸಾಹೇಬರು ಮೆಲ್ಲಗೆ ಕೇಳಿದ್ದು ನನ್ನ ಕಿವಿಗೆ ಬಿತ್ತು.

"ಅಜ್ಜಾ, ಒಂದ ಬೀಡಿ ಐತೇನು?"

"ಇಲ್ರಿ ಸಾಹೇಬ್ರ. ಬಿಟ್ಟಬಿಟ್ಟೇನ್ರಿ. ನೀವ ಅವತ್ತ ಅಷ್ಟ ಬೈದಿದ್ರಲ್ರಿ."

ಸಾಹೇಬರು ಅಜ್ಜನ ಕಡೆ ಹೊರಳಿದರು.

"ಇಷ್ಟ ವರ್ಷ ಮಂದಿಗೆ ಬೈದೇನಿ," ಎಂದರು. "ನನ್ನ ಮಾತು ಕೇಳಿದಾಂವ ನೀ ಒಬ್ಬನ. ನೀನರ ಯಾಕ ಕೇಳಿದ್ಯೋ ಮಾರಾಯಾ?"

ಕಾಕಾನ ಡ್ಯೂಟಿ

ಸಾಹೇಬರು ಹೋದ ದಿನ ಸುತ್ತಲಿನ ಓಣಿಗಳಲ್ಲಿ ಮಗ್ಗಗಳು ನಿಂತಿದ್ದವು. ಆ ಖಟಖಟ ಸದ್ದಿಲ್ಲದ ಬನಹಟ್ಟಿಯನ್ನು ನಾನು ಹಿಂದೆ ಕಂಡಿರಲಿಲ್ಲ. ಜಮಖಂಡಿ, ಮುಧೋಳದಿಂದಲೂ ಜನ ಬಂದಿದ್ದರು. ದವಾಖಾನೆಯ ಅಂಗಳದಲ್ಲಿ ಸಾಹೇಬರ ದೇಹವನ್ನು ಪದ್ಧತಿಯಂತೆ ಕೂಡಿಸಿ, ಹಣೆಗೆ ವಿಭೂತಿ ಹಚ್ಚಿ, ಹೂಮಾಲೆ ಹಾಕಿದ್ದರು. ಭಜನೆ ನಡೆದಿತ್ತು. ಮೇಡಮ್ ಮುಂಜಾನೆಯಿಂದ ಒಂದು ಹನಿ ಕಣ್ಣೀರು ಹಾಕಿರಲಿಲ್ಲ. ಅವರನ್ನು ಅಳುವಂತೆ ಮಾಡಿರಿ, ಇಲ್ಲದಿದ್ದರೆ ಎದೆ ಹಿಡಿಯುತ್ತದೆ ಎಂದು ಹೆಂಗಸರು ನನಗೆ ಹೇಳುತ್ತಿದ್ದರು.

ಸಾಹೇಬರ ಸೋದರಮಾವ ಒಂದು ಕಟ್ಟು ಊದಿನಕಡ್ಡಿ ಹಚ್ಚಿ ಮುಂದೆ ಇಟ್ಟರು. ಹೊಗೆ ದಟ್ಟವಾಗಿ ಎದ್ದಿತು. ಗೇಟಿನ ಹತ್ತಿರ ಅತ್ತೂ ಅತ್ತೂ ಕಣ್ಣು ಬಾತು ಕುಳಿತಿದ್ದ ಕಾಕಾ, ಮೂಗಿಗೆ ಅದು ಬಡಿದದ್ದೇ ತಡ, ದಡಕ್ಕನೆ ಎದ್ದ. ಜನರನ್ನು ನೂಕಿಕೊಂಡು ಬಂದ.

"ಏಯ್, ಯಾವಾಂವ ಅಂವ? ಇಲ್ಲಿ ಹೊಗಿ ಮಾಡಂಗಿಲ್ಲ! ಒಳಗ ಸಾಹೇಬ್ರು ಅದಾರ!"

ಭಜನೆ ನಿಂತಿತು. ಯಾರ ಮುಂದೆ ನಿಂತಿದ್ದೇನೆ ಎನ್ನುವುದು ಕಾಕಾನಿಗೆ ಆಗ ಗೊತ್ತಾಯಿತು. ಉರಿಯುವ ಕಡ್ಡಿಗಳನ್ನು ಕಸಿಯಲು ಚಾಚಿದ ಕೈ ಹಾಗೇ ಉಳಿಯಿತು. ಎಲ್ಲರೂ ತಲೆ ತಗ್ಗಿಸಿದರು.

ಮೊದಲು ನಕ್ಕವರು ಮೇಡಮ್. ನಗುತ್ತ ನಗುತ್ತಲೇ ಅವರ ಕಣ್ಣಿಂದ ನೀರು ಧಾರಾಕಾರ ಇಳಿಯತೊಡಗಿತು. ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಮತ್ತೆ ತೆಗೆದು, ಹೇಳಿದರು:

"ಇರಲಿ ಬಿಡ ಕಾಕಾ. ಇವತ್ತ ಅವರು ಕೆಮ್ಮಂಗಿಲ್ಲ."